ಎಎಸ್‌ಒ ಹೆಚ್ಚಿದ್ದರೆ ಮಗುವಿಗೆ ಹೃದಯದ ಕಾಯಿಲೆ ಬರುತ್ತದೆಯೇ?

ಮಗು ರಾತ್ರಿ ಕಾಲುನೋವು ಎನ್ನುತ್ತದೆ. ರಕ್ತಪರೀಕ್ಷೆ ಮಾಡಿಸಿದರೆ ರಿಪೋರ್ಟ್‌ನಲ್ಲಿ ‘ಎಎಸ್‌ಒ 400’ ಎಂದಿದೆ. ಪಕ್ಕದಲ್ಲೇ 200ಕ್ಕಿಂತ ಕಡಿಮೆ ಇರಬೇಕು ಎಂಬ ಸಾಲು. ಫೋಟೊ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ‘ಇದು ಹೃದಯಕ್ಕೆ ಹೋಗುವ ಜ್ವರ, ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಬೇಕು’ ಎಂದು ಯಾರೋ ಉತ್ತರಿಸುತ್ತಾರೆ. ಇದು ನಿಜವೇ? ನೋಡೋಣ.

ಈ ಪರೀಕ್ಷೆ ಏನನ್ನು ಅಳೆಯುತ್ತದೆ?

ಗಂಟಲಿಗೆ ಸೋಂಕು ತರುವ ‘ಗುಂಪು ಎ ಸ್ಟ್ರೆಪ್ಟೊಕಾಕಸ್’ ಬ್ಯಾಕ್ಟೀರಿಯಾ ‘ಸ್ಟ್ರೆಪ್ಟೊಲೈಸಿನ್ ಒ’ ಎಂಬ ವಿಷವನ್ನು ಬಿಡುತ್ತದೆ. ಅದರ ವಿರುದ್ಧ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಎಎಸ್‌ಒ ಅಳೆಯುವುದು ಈ ಪ್ರತಿಕಾಯಗಳನ್ನು ಮಾತ್ರ. ಬ್ಯಾಕ್ಟೀರಿಯಾವನ್ನೂ ಅಲ್ಲ, ಹೃದಯದ ತೊಂದರೆಯನ್ನೂ ಅಲ್ಲ.

ಸೋಂಕಾದ ಸುಮಾರು ಒಂದು ವಾರದ ನಂತರ ಏರತೊಡಗುವ ಈ ಪ್ರತಿಕಾಯ 3ರಿಂದ 5 ವಾರಗಳಲ್ಲಿ ಗರಿಷ್ಠ ಮಟ್ಟ ತಲುಪಿ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಅಂಗಳ ಒದ್ದೆಯಾಗಿದ್ದರೆ ಮಳೆ ಬಂದಿತ್ತು ಎಂದರ್ಥ. ಈಗಲೂ ಸುರಿಯುತ್ತಿದೆ ಎಂದಲ್ಲ, ಮನೆ ಸೋರುತ್ತಿದೆ ಎಂದೂ ಅಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಇಂಥ ಸೋಂಕು ಆಗಾಗ ಬರುವುದರಿಂದ, ಆರೋಗ್ಯವಾಗಿರುವ ಮಕ್ಕಳಲ್ಲೂ ಎಎಸ್‌ಒ 200 ದಾಟಿರಬಹುದು.

ಇವತ್ತಿನ ಗಂಟಲುನೋವಿಗೆ ಸ್ಟ್ರೆಪ್ಟೊಕಾಕಸ್ ಕಾರಣವೇ ಎಂದು ತಿಳಿಯಲು ಗಂಟಲಿನ ಸ್ವಾಬ್ ಪರೀಕ್ಷೆ ಬೇಕು. ರಕ್ತದ ಎಎಸ್‌ಒ ಅದಕ್ಕೆ ಉತ್ತರ ಕೊಡುವುದಿಲ್ಲ.

ಹಾಗಾದರೆ ಈ ಪರೀಕ್ಷೆ ಏಕೆ?

ಗಂಟಲಿನ ಸೋಂಕಾಗಿ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಅದು ಹೃದಯದ ಕವಾಟಗಳನ್ನು ಹಾಳುಮಾಡಬಲ್ಲದು. ಅದನ್ನು ಗುರುತಿಸಲು ವೈದ್ಯರು 1944ರಲ್ಲಿ ರೂಪುಗೊಂಡು 2015ರಲ್ಲಿ ಪರಿಷ್ಕೃತವಾದ ಜೋನ್ಸ್ ಮಾನದಂಡಗಳನ್ನು ಬಳಸುತ್ತಾರೆ. ಅಲ್ಲಿ ಮುಖ್ಯವಾದುದು ರೋಗಲಕ್ಷಣ. ಎಎಸ್‌ಒ ಬರೀ ಪೂರಕ ಸಾಕ್ಷಿ. ಕೀಲು ಊದದೆ, ಜ್ವರವಿಲ್ಲದೆ, ರಾತ್ರಿ ಕಾಲು ನೋಯುತ್ತದೆಂದು ಅತ್ತು ಬೆಳಿಗ್ಗೆ ಓಡಾಡುವ ಮಗುವಿಗೆ ಎಎಸ್‌ಒ ಸಂಖ್ಯೆಯೊಂದನ್ನೇ ನೋಡಿ ರುಮ್ಯಾಟಿಕ್ ಜ್ವರ ಎನ್ನಲಾಗದು.

ಎಎಸ್‌ಒ ನಾರ್ಮಲ್ ಬಂದರೂ ಕಾಯಿಲೆ ಇಲ್ಲವೆಂದು ಹೇಳಲಾಗದು. ರುಮ್ಯಾಟಿಕ್ ಜ್ವರವಿರುವ ಸುಮಾರು ಐವರಲ್ಲಿ ಒಬ್ಬರಿಗೆ ಅದು ಏರಿರುವುದಿಲ್ಲ. ಚರ್ಮದ ಸೋಂಕಿನಲ್ಲೂ ಅಷ್ಟಾಗಿ ಏರದು. ಆಗ ‘ಆ್ಯಂಟಿ ಡಿಎನ್‌ಏಸ್ ಬಿ’ ಎಂಬ ಇನ್ನೊಂದು ಪರೀಕ್ಷೆ ನೆರವಾಗುತ್ತದೆ.

ಯಾವಾಗ ತಡಮಾಡಬಾರದು?

ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುವ ಊತ, ಜ್ವರ, ಏದುಸಿರು, ತಾನಾಗಿಯೇ ಆಡುವ ಕೈಕಾಲು, ಮುಖದ ಬಾವು, ಕೆಂಪು ಅಥವಾ ಕಂದು ಬಣ್ಣದ ಮೂತ್ರ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ.

ಒಂದು ಮಾತು ಮರೆಯಬೇಡಿ. ರುಮ್ಯಾಟಿಕ್ ಹೃದ್ರೋಗ ಖಚಿತವಾಗಿರುವವರಿಗೆ 3–4 ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಹೃದಯವನ್ನು ಕಾಯುತ್ತದೆ. ‘ಎಎಸ್‌ಒ ಕಡಿಮೆಯಾಯಿತಲ್ಲ’ ಎಂದು ಅಥವಾ ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ. ರಿಪೋರ್ಟನ್ನು ಗ್ರೂಪಿಗೆ ಕಳುಹಿಸುವ ಮೊದಲು ಮಗುವನ್ನು ವೈದ್ಯರಿಗೆ ತೋರಿಸಿ.