ಅನುವಾದಿತ ಕಾದಂಬರಿಯ ವಾಚನ: ದಕ್ಷಿಣ ಕನ್ನಡದ ಕೆಲವು ನಿದರ್ಶನಗಳು

ಬಂಟವಾಳ ತಾಲೂಕಿನಲ್ಲಿ ನೇತ್ರಾವತಿಯ ತಟದಲ್ಲಿರುವ ಫರಂಗಿಪೇಟೆಯ ಹೆಸರೇ ಭಾಷೆಯಿಂದ ಭಾಷೆಗೆ ಸಾಗಿಬಂದುದು. ‘ಫ್ರಾಂಕ್’ ಎಂಬ ಜನಾಂಗನಾಮವು ಅರಬೀ, ಪಾರಸೀ ಭಾಷೆಗಳಲ್ಲಿ ರೂಪಾಂತರ ಹೊಂದಿ, ಪಶ್ಚಿಮದಿಂದ ಬಂದವರಿಗೆಲ್ಲ ಸಲ್ಲುವ ಹೆಸರಾಗಿ ನಮ್ಮ ಕರಾವಳಿಯನ್ನು ಮುಟ್ಟಿತು. ಈ ಊರಿನ ಸುತ್ತ ತುಳು, ಕೊಂಕಣಿ, ಬ್ಯಾರಿ ಮೊದಲಾದವು ಮನೆಮಾತುಗಳು. ಗ್ರಂಥದ ಭಾಷೆ ಬಹುಮಟ್ಟಿಗೆ ಕನ್ನಡ. ದಿನಕ್ಕೆ ಹಲವು ಸಲ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವುದು ಇಲ್ಲಿಯವರಿಗೆ ಸಹಜ. ಹಾಗಿದ್ದೂ ಅನುವಾದಿತ ಕಾದಂಬರಿಯನ್ನು ಎರವಿನ ಸರಕೆಂದು ಬದಿಗಿಡುವ ಮನೋಭಾವ ನಮ್ಮ ವಿದ್ಯಾರ್ಥಿಗಳಲ್ಲಿ ಅಪರೂಪವಲ್ಲ. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಈ ಸೀಮೆಯ ಸಾಹಿತ್ಯದಿಂದಲೇ ಪರೀಕ್ಷಿಸಬಹುದು.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದು ಚಿತ್ರಿಸುವುದು ಸಾರಸ್ವತರ ಮನೆಗಳನ್ನು. ಆ ಮನೆಗಳಲ್ಲಿ ಆಡುವ ಮಾತು ಕೊಂಕಣಿ. ಕಾದಂಬರಿಯಲ್ಲಿ ನಾವು ಓದುವುದು ಕನ್ನಡ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ತುಳು ಆಡುವ ಜನರ ಬದುಕನ್ನು ಆಧರಿಸಿದುದು. ಆದರೂ ಚೋಮನ ಹಂಬಲ ನಮಗೆ ತಿಳಿದುದು ಕನ್ನಡದಲ್ಲಿ. ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ಮನೆಮಾತು ಮಲಯಾಳ. ಅವರ ‘ಚಂದ್ರಗಿರಿಯ ತೀರದಲ್ಲಿ’ ಕನ್ನಡದ ಕೃತಿ. ಈ ಮೂರೂ ಕಡೆ ಲೇಖಕರು ತಮ್ಮ ಮನಸ್ಸಿನಲ್ಲಿಯೇ ಒಂದು ಅನುವಾದವನ್ನು ಮಾಡಿ ಮುಗಿಸಿದ್ದಾರೆ. ಮೂಲವೆಂದು ನಾವು ಗೌರವಿಸುವ ಕೃತಿಯೇ ಒಂದರ್ಥದಲ್ಲಿ ಅನುವಾದವಾಗಿರುವಾಗ, ಅನುವಾದವೆಂಬ ಕಾರಣದಿಂದಲೇ ಒಂದು ಗ್ರಂಥವನ್ನು ಕೀಳೆಣಿಸುವುದು ಸಾಧುವಲ್ಲ.

ಇದರಿಂದ ಅನುವಾದದಲ್ಲಿ ನಷ್ಟವೇ ಇಲ್ಲವೆಂದು ತಿಳಿಯಬಾರದು. ಚೋಮನ ತುಳು ನುಡಿ ನಮ್ಮ ಕಿವಿಗೆ ಬೀಳದೆ ಹೋಯಿತು. ಆ ನಷ್ಟವು ನಿಜವಾದುದೇ. ಆದರೆ ನಷ್ಟವೆಲ್ಲಿ, ಲಾಭವೆಲ್ಲಿ ಎಂದು ಗುರುತಿಸುತ್ತ ಓದುವುದರಲ್ಲಿಯೇ ಅನುವಾದ ವಾಚನದ ವಿಶೇಷ ಸುಖವಿದೆ.

ಇದಕ್ಕೆ ಒಂದು ಸುಲಭವಾದ ಉದಾಹರಣೆ ಸಂಬೋಧನೆ. ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಭೇದವುಂಟು. ತುಳುವಿನಲ್ಲಿ ‘ಈ’, ‘ಈರ್’ ಎಂಬವು ಅದೇ ಕಾರ್ಯವನ್ನು ಮಾಡುತ್ತವೆ. ರಷ್ಯನ್ ಭಾಷೆಯಲ್ಲಿಯೂ ಈ ಬಗೆಯ ಭೇದವಿದೆ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಆದುದರಿಂದ ರಷ್ಯನ್ ಕಾದಂಬರಿಯೊಂದು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವಾಗ, ನಡುದಾರಿಯಲ್ಲಿ ಕಳೆದುಹೋದ ಭೇದವನ್ನು ಕನ್ನಡ ಅನುವಾದಕನು ಊಹೆಯಿಂದ ಮರಳಿ ಸ್ಥಾಪಿಸಬೇಕಾಗುತ್ತದೆ. ಪತ್ನಿಯು ಪತಿಯನ್ನು ಏಕವಚನದಿಂದ ಕರೆಯುವಳೆ? ಮುನಿಸಿನ ಗಳಿಗೆಯಲ್ಲಿ ಬಹುವಚನಕ್ಕೆ ತಿರುಗುವಳೆ? ಇಂತಹ ಒಂದೊಂದು ನಿರ್ಣಯವೂ ಪಾತ್ರದ ವ್ಯಾಖ್ಯಾನವೇ ಆಗಿರುತ್ತದೆ. ಕಥೆಯ ಓಟದೊಡನೆ ಇವನ್ನೂ ಗಮನಿಸುವ ವಾಚಕನಿಗೆ ಒಂದೇ ಪುಸ್ತಕದಲ್ಲಿ ಇಬ್ಬರು ಬರಹಗಾರರ ಸಹವಾಸ ದೊರೆಯುತ್ತದೆ.

ಅನುವಾದಕರ ಮಾರ್ಗಗಳೂ ಭಿನ್ನವಾದುವು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಎ. ಕೆ. ರಾಮಾನುಜನ್ನರು ಹೊರಗಿನ ವಾಚಕರಿಗಾಗಿ ಟಿಪ್ಪಣಿಗಳನ್ನೂ ಹಿನ್ನುಡಿಯನ್ನೂ ಒದಗಿಸಿದರು. ಬಾನು ಮುಷ್ತಾಕರ 12 ಕಥೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬೀ ಶಬ್ದಗಳನ್ನು ಅಡಿಟಿಪ್ಪಣಿಯಿಲ್ಲದೆ, ಓರೆ ಅಕ್ಷರಗಳಿಂದ ಪ್ರತ್ಯೇಕಿಸದೆ ಉಳಿಸಿಕೊಂಡರು. ಒಂದು ಮಾರ್ಗವು ವಾಚಕನ ಕೈಹಿಡಿದು ನಡೆಸುತ್ತದೆ. ಇನ್ನೊಂದು ಅವನನ್ನು ಅಪರಿಚಿತರ ಮನೆಯೊಳಗೆ ಬಿಟ್ಟು, ತಾನೇ ಪರಿಚಯ ಮಾಡಿಕೊಳ್ಳುವಂತೆ ಪ್ರೇರಿಸುತ್ತದೆ. 2025ರ ಅಂತಾರಾಷ್ಟ್ರೀಯ ಬೂಕರ್ ಪಾರಿತೋಷಕದ ಮೊತ್ತವಾದ 50,000 ಪೌಂಡುಗಳು ಲೇಖಕಿಗೂ ಅನುವಾದಕಿಗೂ ಸಮನಾಗಿ ಸಂದುದು ಅನುವಾದಕರ ಪಾಲನ್ನು ಲೋಕವು ಅಂಗೀಕರಿಸಿದುದರ ಕುರುಹು.

ಇಂತಹ ಕೃತಿಗಳನ್ನು ಕಂಡುಕೊಳ್ಳುವ ಬಗೆ ಹೇಗೆ? ಮೊದಲನೆಯದಾಗಿ, ಅನುವಾದಕರ ಹೆಸರನ್ನು ಹಿಡಿದು ಹೊರಡಬೇಕು. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ದೇ. ಜವರೇಗೌಡರು ಟಾಲ್‌ಸ್ಟಾಯಿಯ ಬೃಹತ್ ಕಾದಂಬರಿಗಳನ್ನು ತಂದರು. ಒಬ್ಬ ಅನುವಾದಕನಲ್ಲಿ ವಿಶ್ವಾಸ ಹುಟ್ಟಿದ ಮೇಲೆ ಅವನು ಆರಿಸಿದ ಬೇರೆ ಗ್ರಂಥಗಳೂ ನಮ್ಮವಾಗುತ್ತವೆ. ಎರಡನೆಯದಾಗಿ, 1954ರಲ್ಲಿ ಸ್ಥಾಪಿತವಾದ ಸಾಹಿತ್ಯ ಅಕಾಡೆಮಿ, 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಇವು ಪ್ರಕಟಿಸಿದ ಅನುವಾದಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಅರಸಬೇಕು. ಮೂರನೆಯದಾಗಿ, ಒಂದೇ ಕೃತಿಗೆ ಎರಡು ಅನುವಾದಗಳಿದ್ದರೆ ಹೋಲಿಸಿ ನೋಡಬೇಕು. ‘ಇಂದಿರಾಬಾಯಿ’ಯನ್ನು 1903ರಲ್ಲಿ ಎಂ. ಇ. ಕೌಚ್‌ಮನ್ನರೂ 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರೂ ಇಂಗ್ಲಿಷಿಗೆ ತಂದಿದ್ದಾರೆ. ಮೂಲದ ಒಂದು ಅಧ್ಯಾಯವನ್ನು ಇವೆರಡರೊಡನೆ ಇಟ್ಟು ಓದುವುದು ತರಗತಿಗೆ ಒಳ್ಳೆಯ ಅಭ್ಯಾಸವಾದೀತು.

ಈ ಅಭ್ಯಾಸಕ್ಕೆ ನಮ್ಮ ಸೀಮೆಯ ವಿದ್ಯಾರ್ಥಿಗಳು ವಿಶೇಷವಾಗಿ ಅರ್ಹರು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡಿ, ತರಗತಿಯಲ್ಲಿ ಕನ್ನಡದಲ್ಲಿ ಉತ್ತರ ಬರೆಯುವವರಿಗೆ ಯಾವ ಮಾತು ದಾಟುತ್ತದೆ, ಯಾವುದು ದಡದಲ್ಲಿಯೇ ಉಳಿಯುತ್ತದೆ ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯನ್ನು ಕಾದಂಬರಿಯ ಓದಿಗೂ ತಂದುಕೊಂಡರೆ ಸಾಕು.