ಕಾಣದ ದಂಡೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಡುವ ಕಾಲುವೆಗೆ ಎರಡು ದಂಡೆಗಳುಂಟು. ನೀರು ಎಲ್ಲಿಯವರೆಗೆ ಹರಡೀತೆಂಬುದು ಕಣ್ಣಿಗೆ ಕಾಣುತ್ತದೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಕಾಣದ ದಂಡೆಯೊಂದರ ವಿಚಾರ. ಅದಿರುವುದು ದೂರದ ಇಂದೋರಿನಲ್ಲಿ, ತುಮಕೂರಿನಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರ ಹೆಸರನ್ನು ಹೊತ್ತ ಸಂಶೋಧನ ಕೇಂದ್ರದಲ್ಲಿ.

ಅಲ್ಲಿಯ ಇಂಡಸ್-೨ ಎಂಬ ಶೇಖರಣಾ ವರ್ತುಲದ ಸುತ್ತಳತೆ ಸುಮಾರು ೧೭೨ ಮೀಟರ್. ಅದರ ನಿರ್ವಾತ ಕೊಳವೆಯಲ್ಲಿ ಇಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ೧೭ ಲಕ್ಷಕ್ಕೂ ಹೆಚ್ಚು ಸಲ ಸುತ್ತುತ್ತವೆ. ತಿರುವುಗಳಲ್ಲಿ ಅವು ಚೆಲ್ಲುವ ಕ್ಷ-ಕಿರಣವೇ ಆ ಯಂತ್ರದ ಬೆಳೆ. ಪ್ರೋಟೀನಿನ ಅಣು ಹೇಗೆ ಮಡಿಸಿಕೊಂಡಿದೆ ಎಂಬುದನ್ನು ಅದರಿಂದ ಕಾಣಬಹುದು. ಇಲೆಕ್ಟ್ರಾನುಗಳು ಗಂಟೆಗಟ್ಟಲೆ ಬಾಳಿದರೆ ಮಾತ್ರ ಈ ಬೆಳೆ.

ದಾರಿ ತಪ್ಪುವ ಕಣವನ್ನು ನಡುವಿಗೆ ತರಲು ನಾಲ್ಕು ಧ್ರುವಗಳ ಕಾಂತಗಳಿವೆ. ಬೆಳಕಿಗೆ ಮಸೂರವಿದ್ದಂತೆ ಕಣಗಳಿಗೆ ಇವು. ಅಗ್ಗದ ಮಸೂರದ ಅಂಚಿನಲ್ಲಿ ಬಣ್ಣ ಚೆದುರುವುದನ್ನು ನೋಡಿದ್ದೀರಷ್ಟೆ. ಇಲ್ಲಿಯೂ ಶಕ್ತಿಯಲ್ಲಿ ತುಸು ಏರುಪೇರಾದ ಕಣಗಳು ಬೇರೆ ಬೇರೆ ಎಡೆಗಳಲ್ಲಿ ಕೂಡುತ್ತವೆ. ಅದಕ್ಕೆ ಮದ್ದು ಆರು ಧ್ರುವಗಳ ಕಾಂತ, ಅಂದರೆ ಷಡ್ಧ್ರುವ. ಆದರೆ ಮದ್ದೇ ಹೊಸ ಬೇನೆಯನ್ನು ತರುತ್ತದೆ: ನಡುವಿನಿಂದ ಎರಡರಷ್ಟು ಸರಿದ ಕಣಕ್ಕೆ ಷಡ್ಧ್ರುವ ಕೊಡುವ ಏಟು ನಾಲ್ಕರಷ್ಟು.

ಗೋಕಾಕ, ಮೂಡಲಗಿಯ ಹಳ್ಳಿಗಳಲ್ಲಿ ಪಂಚಮಿಗೆ ಜೋಕಾಲಿ ಜೀಕಿದವರಿಗೆ ಮುಂದಿನದನ್ನು ಬಹಳ ವಿವರಿಸಬೇಕಿಲ್ಲ. ಹದ ನೋಡಿ ತಳ್ಳಿದರೆ ಮಗುವಿನ ಕೈಯೂ ದೊಡ್ಡವರ ಜೋಕಾಲಿಯನ್ನು ಮೇಲೇರಿಸೀತು. ಹದ ತಪ್ಪಿದ ತಳ್ಳುಗಳು ಒಂದನ್ನೊಂದು ತಿಂದುಹಾಕುತ್ತವೆ. ಕಣವೂ ಸುತ್ತುತ್ತ ಸುತ್ತುತ್ತ ಅತ್ತಿತ್ತ ಜೀಕುತ್ತಿರುತ್ತದೆ. ನಡುವಿನ ಸಮೀಪದಲ್ಲಿ ಷಡ್ಧ್ರುವಗಳ ಏಟು ಮಾಸಿಹೋಗುತ್ತದೆ. ದೂರ ಸರಿದಂತೆ ಜೀಕಿನ ಲಯವೇ ಬದಲಾಗಿ, ಒಂದು ಎಡೆಯಲ್ಲಿ, ಮೂರು ಸುತ್ತಿಗೊಮ್ಮೆಯೋ ನಾಲ್ಕು ಸುತ್ತಿಗೊಮ್ಮೆಯೋ, ಏಟು ಸರಿಯಾಗಿ ಹದಕ್ಕೆ ಬೀಳತೊಡಗುತ್ತದೆ. ಆಮೇಲೆ ಕಣ ಗೋಡೆಗೆ ಬಡಿದೇ ತೀರುತ್ತದೆ. ಗೋಡೆ ಇನ್ನೂ ದೂರವಿದ್ದರೂ ಆ ಗಡಿಯಾಚೆ ಅದಕ್ಕೆ ಬಾಳಿಲ್ಲ. ಗಡಿಯೊಳಗಿನ ಎಡೆಗೆ ವಿಜ್ಞಾನಿಗಳು ಡೈನಾಮಿಕ್ ಅಪರ್ಚರ್ ಎನ್ನುತ್ತಾರೆ. ಚಲನೆಯ ಅಂಗಳವೆಂದರೆ ನನ್ನ ಕಿವಿಗೆ ಹಿತ.

ಹೊಸದಾಗಿ ಒಳಬಿಟ್ಟ ಕಣಗಳು ನಡುವಿನಿಂದ ದೂರದಲ್ಲಿಯೇ ಕಾಲಿಡುತ್ತವೆ. ಅಂಗಳ ಕಿರಿದಾದರೆ ಅವು ನಿಲ್ಲಲಾರವು. ಅದನ್ನು ಹಿಗ್ಗಿಸುವ ಉಪಾಯ ಜೋಡಣೆಯಲ್ಲಿದೆ. ಸಮಬಲದ ಎರಡು ಷಡ್ಧ್ರುವಗಳ ನಡುವೆ ಜೀಕಿನ ಅರ್ಧ ಅಲೆಯಷ್ಟು ಅಂತರವಿಟ್ಟರೆ ಮೊದಲನೆಯದರ ಏಟನ್ನು ಎರಡನೆಯದು ಅಳಿಸುತ್ತದೆ. ನಡುವೆ ಮೂರನೆಯದು ಬಂದಿತೋ, ಲೆಕ್ಕ ಕೆಟ್ಟಿತು. ಇಂಡಸ್-೨ರಲ್ಲಿ ಷಡ್ಧ್ರುವಗಳು ೩೨! ಆದುದರಿಂದ ಗಣಕಯಂತ್ರದಲ್ಲಿ ಕಾಲ್ಪನಿಕ ಕಣಗಳನ್ನು ಸಾವಿರಾರು ಸುತ್ತು ಓಡಿಸಿ, ಉಳಿದುದೆಷ್ಟು ಅಳಿದುದೆಷ್ಟು ಎಂದು ನೋಡುತ್ತ ಕಾಂತಗಳ ಬಲವನ್ನು ಹೊಂದಿಸುತ್ತಾರೆ. ಗ್ರಹಗಳ ಚಲನೆ ಎಷ್ಟು ಕಾಲ ಸ್ಥಿರವೆಂದು ಅರಸಿದ ಫ್ರಾನ್ಸಿನ ಜಾಕ್ ಲಾಸ್ಕರ್ ೧೯೯೦ರ ಸುಮಾರಿಗೆ ರೂಪಿಸಿದ ವಿಶ್ಲೇಷಣೆಯೇ ಇಲ್ಲಿಯೂ ಕೈಗೆ ಬಂತು. ಸೌರಮಂಡಲದ ಲೆಕ್ಕ ಮಿಲಿಮೀಟರುಗಳಿಗೆ ಇಳಿದು ಬಂದುದನ್ನು ನೆನೆದಾಗಲೆಲ್ಲ ನನಗೆ ಬೆರಗು.

ಹೊಸ ವರ್ತುಲಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಬೆಳಕು ಹರಿತವಾಗಲೆಂದು ಮಸೂರಗಳನ್ನು ಬಿಗಿಗೊಳಿಸಿದಷ್ಟೂ ಬಣ್ಣದೋಷ ಬೆಳೆಯುತ್ತದೆ, ಷಡ್ಧ್ರುವ ಬಲಿಯಬೇಕಾಗುತ್ತದೆ, ಅಂಗಳ ಕುಗ್ಗುತ್ತದೆ. ೨೦೧೬ರಲ್ಲಿ ಉದ್ಘಾಟನೆಗೊಂಡ ಸ್ವೀಡನ್ನಿನ ಮ್ಯಾಕ್ಸ್-೪ರಲ್ಲಿ ಎಂಟು ಧ್ರುವಗಳ ಕಾಂತಗಳನ್ನೂ ಸೇರಿಸಿದ್ದಾರೆ; ದೂರ ಸರಿದ ಕಣದ ಲಯ ಬಹಳ ಬದಲಾಗದಂತೆ ಹಿಡಿದಿಡುವುದು ಅವುಗಳ ಕೆಲಸ.