ಅರ್ಥದ ಪಕ್ಕದಲ್ಲೊಂದು ವಾಕ್ಯ

'ಕಮಿಟ್' ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ 'ಮಾಡು, ಎಸಗು' ಎಂಬ ಅರ್ಥ ಸಿಗುತ್ತದೆ. ಅದನ್ನು ಬಾಯಿಪಾಠ ಮಾಡಿದ ಹುಡುಗ ಮರುದಿನ 'ಐ ಕಮಿಟೆಡ್ ಮೈ ಹೋಮ್‌ವರ್ಕ್' ಎಂದು ಬರೆದರೆ ತಪ್ಪು ಯಾರದು? ಅವನು ಕಲಿತ ಅರ್ಥ ಸರಿಯಾಗಿಯೇ ಇದೆ. ಆದರೆ ಆ ಪದ ಅಪರಾಧ, ಪಾಪ, ತಪ್ಪುಗಳ ಜತೆ ಓಡಾಡುವಂಥದ್ದು ಎಂದು ಅವನಿಗೆ ಯಾರೂ ಹೇಳಿಲ್ಲ. ನಮ್ಮ 'ಎಸಗು' ಕೂಡ ಹಾಗೆಯೇ. ದ್ರೋಹ ಎಸಗುತ್ತಾರೆ, ಊಟ ಎಸಗುವುದಿಲ್ಲ. ಕನ್ನಡದ ಮಗುವಿಗೆ ಇದನ್ನು ಕಲಿಸಬೇಕಿಲ್ಲ, ಕೇಳಿ ಕೇಳಿಯೇ ತಿಳಿಯುತ್ತದೆ. ಇಂಗ್ಲಿಷ್ ಕಿವಿಗೆ ಬೀಳದ ಊರುಗಳಲ್ಲಿ ಮಾತ್ರ ಆ ಕೆಲಸವನ್ನು ನಿಘಂಟಿನ ಉದಾಹರಣೆ ವಾಕ್ಯಗಳೇ ಮಾಡಬೇಕು. ಬೀದರ್, ಭಾಲ್ಕಿ, ಔರಾದ್ ಕಡೆಯ ವಿದ್ಯಾರ್ಥಿಗಳ ಕೈಗೆ ಅಂಥ ನಿಘಂಟು ಬರಲು ಬಹಳ ಕಾಲ ಹಿಡಿಯಿತು.

ಗವಾನನ ಕೈಪಿಡಿ

ಮಾದರಿ ತೋರಿಸಿ ಭಾಷೆ ಕಲಿಸುವ ಕ್ರಮ ಬೀದರಿಗೆ ಹೊಸದೇನೂ ಅಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾವನ್ನು ನೋಡದವರು ಇಲ್ಲಿ ಕಡಿಮೆ. ಇರಾನಿನ ಗಿಲಾನ್‌ನಿಂದ ಬಂದ ಆತ ಪತ್ರಲೇಖನದ ಕಲೆಯನ್ನು ಕುರಿತು 'ಮನಾಜಿರ್ ಉಲ್ ಇನ್ಶಾ' ಎಂಬ ಪಾರಸಿ ಕೈಪಿಡಿಯನ್ನೂ ಬರೆದಿದ್ದ. ಅವನ ಪತ್ರಗಳ ಸಂಗ್ರಹದ ಹೆಸರು 'ರಿಯಾಜ್ ಉಲ್ ಇನ್ಶಾ'. ಒಂದರಲ್ಲಿ ನಿಯಮ, ಇನ್ನೊಂದರಲ್ಲಿ ಪ್ರಯೋಗ. ಪರಭಾಷೆಯಲ್ಲಿ ಬರೆಯಬೇಕಾದವನಿಗೆ ಎರಡೂ ಬೇಕೆಂಬುದು ಐನೂರು ವರ್ಷಗಳ ಹಿಂದೆಯೇ ಈ ಊರಿಗೆ ಗೊತ್ತಿತ್ತು.

ಇಂಗ್ಲಿಷ್ ನಿಘಂಟಿಗೆ ಈ ಗುಣವನ್ನು ದೊಡ್ಡ ಪ್ರಮಾಣದಲ್ಲಿ ತಂದವನು ಸ್ಯಾಮ್ಯುಯೆಲ್ ಜಾನ್ಸನ್. 1755ರಲ್ಲಿ ಹೊರಬಂದ ಅವನ ನಿಘಂಟಿನಲ್ಲಿ ಪದಗಳ ಕೆಳಗೆ ಲೇಖಕರ ವಾಕ್ಯಗಳು ಸಾಲುಗಟ್ಟಿ ನಿಂತವು. ಕನ್ನಡದ ಕಡೆ ಬಂದರೆ, ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಬಂದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಕಾವ್ಯಗಳಿಂದ, ಗಾದೆಗಳಿಂದ ಪ್ರಯೋಗಗಳನ್ನು ಹೆಕ್ಕಿ ಕೊಟ್ಟಿತು. ಆದರೆ ಅದು ಕನ್ನಡವನ್ನು ಅರಿಯಬೇಕಾದವರಿಗೆ ಒದಗಿದ ಪುಸ್ತಕ. ಇಂಗ್ಲಿಷ್ ಕಲಿಯುವ ಕನ್ನಡಿಗನಿಗೆ ಬೇಕಾದದ್ದು ಬೇರೆ.

ಉರ್ದುವಿನಿಂದ ಕನ್ನಡಕ್ಕೆ

ಅಷ್ಟರಲ್ಲಿ ಬೀದರ್ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ, ಕಚೇರಿ ಎಲ್ಲ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಮೌಲ್ವಿ ಅಬ್ದುಲ್ ಹಕ್ ಅವರ ಮುಂದಾಳತ್ವದ ದೊಡ್ಡ ಇಂಗ್ಲಿಷ್–ಉರ್ದು ನಿಘಂಟು 1937ರಲ್ಲಿ ಬಂತು. ಇಂಗ್ಲಿಷ್ ಪದದ ಅರ್ಥ ಈ ಭಾಗದವರಿಗೆ ಉರ್ದುವಿನ ಮೂಲಕ ಸಿಗುತ್ತಿದ್ದ ಕಾಲವದು. ಅದೇ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಜನ ಇಂದಿಗೂ ಹೇಳುತ್ತಾರೆ. ಅತ್ತ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಉರ್ದು ಅರ್ಥದ ಜಾಗಕ್ಕೆ ಕನ್ನಡ ಅರ್ಥ ಬಂತು. ಕಲಿಕೆಯ ಕ್ರಮ ಮಾತ್ರ ಬದಲಾಗಲಿಲ್ಲ. ಪದ ಬರೆ, ಅರ್ಥ ಬರೆ, ಹತ್ತು ಸಲ ಗಟ್ಟಿ ಮಾಡು!

ಢಾಕಾ, ಟೋಕಿಯೊ

ಕಲಿಯುವವರಿಗೆಂದೇ ನಿಘಂಟು ಮಾಡಬೇಕೆಂಬ ಯೋಚನೆ ಬಲಿತದ್ದು ಇಂಗ್ಲೆಂಡಿನಿಂದ ದೂರದಲ್ಲಿ, ಪರಭಾಷೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟರುಗಳಿಂದ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಕಣ್ಣಾರೆ ಕಂಡವರು. ಕಷ್ಟದ ಪದವನ್ನು ಅದಕ್ಕಿಂತ ಕಷ್ಟದ ಪದಗಳಿಂದ ವಿವರಿಸಿದರೆ ಏನು ಬಂತು? 1935ರ ತಮ್ಮ ನಿಘಂಟಿನಲ್ಲಿ ಅವರು ಸುಮಾರು 24,000 ಪದ, ನುಡಿಗಟ್ಟುಗಳನ್ನು 1,490 ಪದಗಳ ಮಿತಿಯೊಳಗೇ ವಿವರಿಸಿದರು.

ಇನ್ನೊಬ್ಬರು ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಎ.ಎಸ್. ಹಾರ್ನ್‌ಬಿ. ಪದದ ಅರ್ಥವಷ್ಟೇ ಸಾಲದು, ಯಾವ ಕ್ರಿಯಾಪದದ ಮುಂದೆ ಎಂಥ ರಚನೆ ಬರುತ್ತದೆಂಬುದನ್ನು ವಾಕ್ಯದಲ್ಲೇ ತೋರಿಸಬೇಕು ಎಂಬುದು ಅವರ ಹಟ. ಇಬ್ಬರು ಸಹೋದ್ಯೋಗಿಗಳ ಜತೆ ಮಾಡಿದ ಅವರ ನಿಘಂಟು ಯುದ್ಧದ ನಡುವೆ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಇಂದು 'ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ' ಎಂದು ಕಾಲೇಜು ಲೈಬ್ರರಿಗಳಲ್ಲಿ ಕಾಣುವ ದಪ್ಪ ಪುಸ್ತಕ ಅದರದೇ ಸಂತಾನ. 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ತಂಡದ 'ಕೋಬಿಲ್ಡ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನ ನಿಜವಾಗಿ ಆಡಿದ, ಬರೆದ ವಾಕ್ಯಗಳನ್ನು ಕಂಪ್ಯೂಟರಿನಲ್ಲಿ ಕೂಡಿಹಾಕಿ, ಅವುಗಳಿಂದ ಉದಾಹರಣೆ ಆರಿಸಿತು. ಅರ್ಥವನ್ನೂ ಪೂರ್ಣ ವಾಕ್ಯದಲ್ಲೇ ಹೇಳಿತು.

ನಮ್ಮೂರಿನ ವಾಕ್ಯ

ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ಅಂಟಿಕೊಂಡ ಔರಾದಿನಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಆಡುವ ಮಕ್ಕಳಿದ್ದಾರೆ. ಈ ಭಾಷೆಗಳನ್ನೆಲ್ಲ ಅವರು ಪದಪಟ್ಟಿ ಇಟ್ಟುಕೊಂಡು ಕಲಿತವರಲ್ಲ. ಯಾರ ಜತೆ, ಯಾವಾಗ, ಏನು ಅನ್ನಬೇಕೆಂದು ಬಳಕೆಯಿಂದಲೇ ಬಲ್ಲವರು. ಇಂಗ್ಲಿಷಿನ ಎದುರು ಮಾತ್ರ ಅವರನ್ನು ಪಟ್ಟಿಗೆ ಕಟ್ಟಿಹಾಕುತ್ತೇವೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಭಾಷೆ ಬಂದದ್ದು 2007ರಲ್ಲಿ. ತರಗತಿ ಮುಂಚೆ ಶುರುವಾದರೂ ಪಟ್ಟಿಯ ಹಿಡಿತ ಸಡಿಲವಾಗಿಲ್ಲ.

'ಇಂಟ್ರಿಕೇಟ್' ಪದವನ್ನೇ ನೋಡಿ. 'ಜಟಿಲ' ಎಂಬ ಅರ್ಥವನ್ನಷ್ಟೇ ಓದಿದವರು ಅದನ್ನು ಎಲ್ಲ ಸಮಸ್ಯೆಗಳಿಗೂ ಅಂಟಿಸುತ್ತಾರೆ. ನಿಘಂಟಿನ ವಾಕ್ಯಗಳಲ್ಲಿ ಅದು ವಿನ್ಯಾಸ, ಕುಸುರಿ, ಕಥೆಯ ಹೆಣಿಗೆಗಳ ಪಕ್ಕ ಕೂತಿರುತ್ತದೆ. ಅದನ್ನು ಗಮನಿಸಿದ ಬೀದರಿನ ಹುಡುಗಿ 'ಬಿದರಿ ಕ್ರಾಫ್ಟ್ಸ್‌ಮೆನ್ ಇನ್‌ಲೇ ಇಂಟ್ರಿಕೇಟ್ ಸಿಲ್ವರ್ ಪ್ಯಾಟರ್ನ್ಸ್' ಎಂದು ತಾನೇ ಒಂದು ವಾಕ್ಯ ಕಟ್ಟಿದರೆ, ಕಪ್ಪು ಹೂಜಿಯ ಮೇಲಿನ ಬೆಳ್ಳಿ ಗೆರೆ ಕಂಡಾಗಲೆಲ್ಲ ಪದವೂ ನೆನಪಿಗೆ ಬರುತ್ತದೆ. ಭಾಲ್ಕಿಯವರಿಗೆ ಕಾರಂಜಾ ಜಲಾಶಯವಿದೆ, ಔರಾದಿನವರಿಗೆ ಮಾಂಜ್ರಾ ಹೊಳೆಯಿದೆ. ವಾಕ್ಯಕ್ಕೆ ವಸ್ತುವಿನ ಬರವಿಲ್ಲ.

ಹಾಗೆಂದು ಕನ್ನಡ ಅರ್ಥ ಬೇಡವೆಂದಲ್ಲ. 107 ವರ್ಷ ಬದುಕಿ 2021ರಲ್ಲಿ ಅಗಲಿದ ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿರಲಿ, ಪದದ ಬಾಗಿಲು ತೆರೆಯುವುದು ಅದೇ. ಅದರ ಜತೆಗೆ ಶಾಲೆಗೊಂದಾದರೂ ಉದಾಹರಣೆ ವಾಕ್ಯಗಳಿರುವ ಲರ್ನರ್ಸ್ ನಿಘಂಟು ಬೇಕು. ಮತ್ತು ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರದೆ ಮಕ್ಕಳ ಕೈಗೆ ಸಿಗಬೇಕು. ಮೇಷ್ಟರುಗಳಲ್ಲಿ ಒಂದು ವಿನಂತಿ: ದಿನಕ್ಕೆ ಇಪ್ಪತ್ತು ಪದಗಳ ಪಟ್ಟಿ ಕೊಡುವ ಬದಲು ಎರಡೇ ಪದ ಕೊಡಿ, ಪ್ರತಿಯೊಂದಕ್ಕೂ ಮಕ್ಕಳಿಂದ ಸ್ವಂತ ವಾಕ್ಯ ಬರೆಸಿ.